ಬಾವಿ ಆಮೆಯ ತಾಯಿ ಕಡೆ

ಫೆಬ್ರವರಿ ೧೨, ಗುರುವಾರ. ಹಲಸೂರು.

ಆಮೆ ಏನು ತಿಂತು ಅಂತ ದಿನಾ ಬರೆದಿಡಬೇಕಂತೆ, ಮೊಮ್ಮಗಳು ಲಾವಣ್ಯಳ ಹುಕುಂ. ನಾಲ್ಕನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನ ಕೈಗೆ ಪೆನ್ನು ಕೊಟ್ಟವಳಿಗೆ ಬುದ್ಧಿ ಬೇಡವಾ? ಇವತ್ತೂ ತಿನ್ನಲಿಲ್ಲ. ನನ್ನ ಹೆಂಡತಿ ಪಿಳ್ಳಮ್ಮ ತೀರಿಹೋದಮೇಲೆ ನಾನು ಅನ್ನ ಹಾಕಿದರೆ ಮೇಲೆ ಬಂದು, ನನ್ನ ಮುಖ ನೋಡಿ ಮುಳುಗುತ್ತೆ.

ಆಮೆ ಇರೋ ನಮ್ಮ ಬಾವಿಗೆ ಮೋರಿ ನೀರು ಸೇರಿದೆ. ಇಪ್ಪತ್ತನೇ ತಾರೀಕು ಬಾವಿ ಮುಚ್ತಾರೆ. ನೀರು ಚೊಕ್ಕವಾಗಿರಲಿ ಅಂತ ಆಮೆ ತಂದು ಬಿಟ್ಟವಳು ಪಿಳ್ಳಮ್ಮನೇ. ಎಲ್ಲಿಂದ ತಂದೆ ಅಂದರೆ ನಗ್ತಿದ್ದಳು. ಈಗ ಅದನ್ನ ಅದರ ಬಳಗ ಇರೋ ನೀರಿಗೇ ಸೇರಿಸಬೇಕು.

"ಯಾವ ನೀರಿಂದು ಅಂತ ಚಿಪ್ಪು ನೋಡಿ ಹೇಳೋಕಾಗಲ್ಲ ತಾತ," ಅಂದಳು ಲ್ಯಾಬಲ್ಲಿ ಕೆಲಸ ಮಾಡೋ ಲಾವಣ್ಯ. "ಮೈಟೋಕಾಂಡ್ರಿಯಾ ಜೀನೋಮ್, ಅಂದರೆ ಜೀವಕೋಶದೊಳಗಿರೋ ಒಂದು ವಂಶದ ಬರಹ, ಅದನ್ನ ಓದಿ ಬೇರೆ ಕೆರೆ, ಹೊಳೆ ಆಮೆಗಳ ಜೊತೆ ಹೋಲಿಸಬೇಕು. ಅದು ತಾಯಿಯಿಂದಷ್ಟೇ ಬರೋದು, ಹೆಣ್ಣುಮಕ್ಕಳಿಂದಷ್ಟೇ ಮುಂದಕ್ಕೆ ಹೋಗೋದು."

"ಅಪ್ಪ ದಂಡಕ್ಕಾ?" ಅಂದೆ. ನಕ್ಕಳು.

ಆಮೇಲೆ ನನಗೆ ನಗು ಬರಲಿಲ್ಲ. ನಮಗಿರೋದು ಬರೀ ಗಂಡುಮಕ್ಕಳು. ಪಿಳ್ಳಮ್ಮನಿಗೆ ಅಕ್ಕತಂಗಿಯರೂ ಇಲ್ಲ. ಅವಳ ತಾಯಿ ಕೊಟ್ಟಿದ್ದು ನನ್ನ ಮಕ್ಕಳ ಜೊತೆಗೇ ಮುಗಿಯುತ್ತೆ. ಮಗನ ಮಗಳು ಲಾವಣ್ಯಳಿಗೆ ಅಜ್ಜಿಯ ಮೂಗು ಬಂದಿದೆ, ಅದು ಬಂದಿಲ್ಲ.

ಆಮೆಗಾದರೂ ಬಳಗ ಸಿಗಲಿ. ಲ್ಯಾಬಲ್ಲಿ ಏನಾದರೂ ಮಾಡ್ಕೋ ಲಾವಣ್ಯ, ಯಾವ ನೀರು ಅಂತ ಹದಿನೆಂಟರೊಳಗೆ ಹೇಳು.