ಮೂರನೆಯ ಪೀಪಾಯಿ

ಜಮಖಂಡಿ
೧೨ ಫೆಬ್ರುವರಿ ೧೯೫೬, ರವಿವಾರ

ಚಿ. ತಾರವ್ವಳಿಗೆ,

ನಿನ್ನ ಗುರುರಾಜ ಕಾಕಾ ಬರೆಯುವುದು. ಪತ್ರ ಮುಟ್ಟಿತು. ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಾನೇ ನಿಲ್ಲಬೇಕೆಂದು ಬರೆದಿದ್ದೀ. ಕುಡಿದು ಜೇಲಿಗೆ ಹೋದವನನ್ನು ಹಂದರದೊಳಗೆ ಕರೆಯಲಾರೆ ಎಂದೂ ಬರೆದಿದ್ದೀ. ನನಗೆ ಆ ಜಾಗ ಕೊಟ್ಟದ್ದನ್ನು ಕೇಳಿ ನಿನ್ನ ಕಾಕು ಸಂತೋಷದಿಂದ ಕಣ್ಣೊರೆಸಿಕೊಂಡಳು. ನಾನು ಊಟ ಬಿಟ್ಟು ಎದ್ದೆ.

ಆ ಜಾಗಕ್ಕೆ ನಾನು ಯೋಗ್ಯನಲ್ಲ, ತಾರವ್ವ. ಯಾಕೆಂದು ಆರು ವರ್ಷ ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ.

ಊರ ಹೊರಗಿನ ಪಾರ್ಸಿ ಸಾವಕಾರರ ಸೆರೆ ಭಟ್ಟಿ ನಿನಗೆ ನೆನಪಿರಬೇಕು. ನಾನು ಅಲ್ಲಿ ಅಬಕಾರಿ ಕಾರಕೂನ. ಗೋದಾಮಿನ ಕೀಲಿ ನನ್ನ ಹತ್ತಿರ. ನಿನ್ನ ಅಪ್ಪ ಪಾಂಡಪ್ಪ ಕಾವಲುಗಾರ. ಪೀಪಾಯಿ ಸೋರಿದರೆ ಕಬ್ಬಿಣದ ಪಟ್ಟಿ ಬಿಗಿಯುವವನೂ ಅವನೇ. ಯುದ್ಧದ ಕಾಲದಲ್ಲಿ ಸಾವಕಾರರು ಐದು ಓಕ್ ಕಟ್ಟಿಗೆಯ ಪೀಪಾಯಿಗಳಲ್ಲಿ ವಿಸ್ಕಿ ತುಂಬಿಸಿ ಇಟ್ಟಿದ್ದರು. ವರ್ಷ ಕಳೆದಷ್ಟೂ ಹದವಾಗುತ್ತದೆಂದು ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ನಿನ್ನ ಅಪ್ಪ ಹತ್ತು ವರ್ಷ ಆ ವಾಸನೆಯ ನಡುವೆ ಕೂತು ಒಂದು ಹನಿ ನಾಲಿಗೆಗೆ ಹಚ್ಚಿರಲಿಲ್ಲ. ಎರಡು ವರ್ಷದವಳಿದ್ದಾಗ ನಿನಗೆ ವಿಷಮಜ್ವರ ಬಂದಿತ್ತು. ಮಗಳು ಉಳಿದರೆ ಇನ್ನು ಸೆರೆ ಮುಟ್ಟುವುದಿಲ್ಲ ಎಂದು ಅವನು ಬೀರಪ್ಪನ ಗುಡಿಯಲ್ಲಿ ಅರಿಷಿಣದ ಭಂಡಾರ ಮುಟ್ಟಿ ಆಣೆ ಮಾಡಿದ್ದ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಮುಂಬಯಿ ಸರಕಾರದ ಪಾನನಿಷೇಧ ಬಂತು. ಸಾವಕಾರರು ಭಟ್ಟಿ ಮುಚ್ಚಿ ಹೋದರು. ಪೀಪಾಯಿಗಳಿಗೆ ಅರಗಿನ ಮುದ್ರೆ ಬಿತ್ತು. ಇನ್‌ಸ್ಪೆಕ್ಟರ್ ಬಂದು ಎದುರಿಗೆ ನಿಂತು ಎಲ್ಲವನ್ನೂ ಹಳ್ಳಕ್ಕೆ ಸುರಿಸಬೇಕೆಂದು ಹುಕುಂ ಆಯಿತು. ಅವರು ಬರುವ ದಿನ ಮಧ್ಯಾಹ್ನ ಗೋದಾಮಿನಲ್ಲಿ ನಾವಿಬ್ಬರೇ ಇದ್ದೆವು. ಇಷ್ಟು ವರ್ಷ ದಿನಾ ಮೂಗಿಗೆ ಬಡಿದದ್ದು, ಅದರ ರುಚಿ ಹೇಗೆಂದು ತಿಳಿಯದೆಯೇ ಮಣ್ಣು ಸೇರುತ್ತದಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಮೂರನೆಯ ಪೀಪಾಯಿಯ ಮುದ್ರೆ ಒಡೆದೆ. ತಾಮ್ರದ ಕೊಳವೆ ಇಳಿಬಿಟ್ಟು, ಮೇಲಿನ ತುದಿಗೆ ಹೆಬ್ಬೆರಳೊತ್ತಿ ಎತ್ತಿ, ಹಿತ್ತಾಳೆಯ ಬಟ್ಟಲಿಗೆ ಬಿಟ್ಟೆ. ಜೋನಿಬೆಲ್ಲ ಕದಡಿದ ನೀರಿನ ಬಣ್ಣ. ಮೊದಲು ನಾಲಿಗೆ ಸುಟ್ಟಿತು. ಆಮೇಲೆ ಹಸಿ ಕಟ್ಟಿಗೆಯ, ಕರಕಾದ ಬೆಲ್ಲದ ರುಚಿ ಮೆಲ್ಲಗೆ ಎದೆಗಿಳಿಯಿತು. ಅಂಥದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ಕಣ್ಣೆತ್ತಿದರೆ ನಿನ್ನ ಅಪ್ಪ ನೋಡುತ್ತ ನಿಂತಿದ್ದ. ನನಗೆ ಭಯವಾಯಿತು. ನಾನೊಬ್ಬನೇ ಕುಡಿದರೆ ಅವನು ಸಾಕ್ಷಿ. ಇಬ್ಬರೂ ಕುಡಿದರೆ ಸಾಕ್ಷಿಯೇ ಇಲ್ಲ. ಬಟ್ಟಲು ತುಂಬಿ ಅವನ ಕೈಗೆ ಕೊಟ್ಟೆ.

"ಬ್ಯಾಡ್ರಿ ರಾಯರ, ಆಣಿ ಐತ್ರಿ. ಮಗಳ ಮ್ಯಾಲಿಂದು," ಎಂದ.

ಭಟ್ಟಿ ಮುಚ್ಚಿದ ಮೇಲೆ ಅವನಿಗೆ ಕಚೇರಿಯಲ್ಲಿ ಸಿಪಾಯಿ ಕೆಲಸ ಕೊಡಿಸುವುದಾಗಿ ಮಾತು ಕೊಟ್ಟಿದ್ದೆ. "ನೌಕರಿ ಬೇಕೋ ಬ್ಯಾಡೋ?" ಎಂದೆ.

ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದ.

ಅರ್ಧ ತಾಸಿನಲ್ಲಿ ಜೀಪು ಬಂತು. ನಾನು ಬಾಯಿ ಮುಕ್ಕಳಿಸಿ, ಲವಂಗ ಹಾಕಿ ಎಲೆ ಜಗಿದಿದ್ದೆ. ಅವನಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಗೋಡೆಗೆ ಒರಗಿ ಬೀರಪ್ಪನ ಹೆಸರು ಹೇಳುತ್ತ ಕೂತಿದ್ದ. ಇನ್‌ಸ್ಪೆಕ್ಟರ್ ಒಡೆದ ಮುದ್ರೆ ನೋಡಿದರು, ಅವನ ಬಾಯಿ ಮೂಸಿದರು, ಪಂಚನಾಮೆ ಬರೆಯಲು ನನಗೆ ಹೇಳಿದರು. ಕಾವಲುಗಾರ ನನ್ನ ಕಣ್ಣು ತಪ್ಪಿಸಿ ಮುದ್ರೆ ಒಡೆದು ಕುಡಿದಿದ್ದಾನೆ ಎಂದು ಬರೆದೆ. ಅವನಿಗೆ ಓದಿ ಹೇಳಿದವನೂ ನಾನೇ. ನನ್ನ ಮುಖವನ್ನೇ ನೋಡುತ್ತ ಹೆಬ್ಬೆಟ್ಟು ಒತ್ತಿದ.

ಮೂರು ತಿಂಗಳು ಶಿಕ್ಷೆಯಾಯಿತು. ವಿಜಾಪುರದ ಜೇಲಿಗೆ ಹೋಗಿ, ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕುಡದದ್ದಂತೂ ಖರೆ ಅಲ್ರಿ. ದೇವರಿಗಿ ತಪ್ಪಿದವ ನಾನ. ನನ್ನ ಹುಡಿಗಿ ಅರಾಮ ಅದಾಳೇನ್ರಿ?" ಎಂದ.

ಬಿಡುಗಡೆಯಾಗಿ ಅವನು ರನ್ನ ಬೆಳಗಲಿಗೆ, ನೀವು ಆಗ ಇದ್ದ ನಿನ್ನ ಸೋದರಮಾವನ ಮನೆಗೆ ಬಂದಾಗ ನಿನ್ನ ಅವ್ವ ಹಣಮವ್ವ ಬಾಗಿಲು ತೆಗೆಯಲಿಲ್ಲ. ತೆಗೆಯಬೇಡ ಎಂದು ಅವಳಿಗೆ ಬುದ್ಧಿ ಹೇಳಿದ್ದವನು ನಾನು. ಅವನು ಮನೆಯೊಳಗೆ ಕೂತು ಮಾತಾಡಿದರೆ ನನ್ನ ಗತಿ ಏನು ಎಂಬ ಭಯ. ನಿನ್ನನ್ನು ಮುಧೋಳದ ಶಾಲೆಗೆ ಸೇರಿಸಿದ್ದು, ಮುಲ್ಕಿ ಪರೀಕ್ಷೆ ಪಾಸಾದಾಗ ಪೇಢೆ ಹಂಚಿದ್ದು, ಎಲ್ಲ ಆ ಭಯದಿಂದಲೇ ಶುರುವಾಯಿತು. ಬರಬರುತ್ತ ನಿನ್ನ ಮೇಲೆ ಮಮತೆ ಬೆಳೆಯಿತು. ಅದನ್ನು ನಂಬು ಎನ್ನುವ ಹಕ್ಕು ನನಗಿಲ್ಲ.

ನಿನ್ನ ಅಪ್ಪ ಬನಹಟ್ಟಿಯಲ್ಲಿ ಮಗ್ಗದ ಕೆಲಸ ಮಾಡಿಕೊಂಡಿದ್ದಾನೆ. ಆ ಒಂದು ಬಟ್ಟಲಿನ ನಂತರ ಮತ್ತೆ ಸೆರೆ ಮುಟ್ಟಿಲ್ಲ. ಅವನನ್ನು ಕರೆ. ನಾನು ಬರುವುದಿಲ್ಲ. ಈ ಪತ್ರವನ್ನು ನೀನು ಯಾರಿಗೆ ತೋರಿಸಿದರೂ ನನ್ನ ಅಡ್ಡಿಯಿಲ್ಲ.

ಇಷ್ಟು ದಿನ ನಿನ್ನಿಂದ ಕಾಕಾ ಎನ್ನಿಸಿಕೊಂಡ,
ಗುರುರಾಜ

ತಾ.ಕ.: ಬುಧವಾರ. ಅಂಚೆಗೆ ಹಾಕುವ ಮೊದಲು ಬನಹಟ್ಟಿಗೆ ಹೋಗಿ ಇದನ್ನು ನಿನ್ನ ಅಪ್ಪನಿಗೆ ಓದಿ ಹೇಳಿದೆ. ಮಗ್ಗ ನಿಲ್ಲಿಸಿ ಕೇಳಿದ. ಹಣಮವ್ವನಿಗೆ ನಾನು ಹೇಳಿಕೊಟ್ಟದ್ದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಆ ಸಾಲು ಬಂದಾಗ ತಡವರಿಸಿ, ಬಿಟ್ಟು ಓದಿದೆ. ಮುಗಿದ ಮೇಲೆ, "ನಡುವ ಏನೋ ಒಂದ ಮಾತ ಬಿಟ್ರಿ ರಾಯರ. ಅದನ್ನೂ ಓದ್ರಿ," ಎಂದ. ಓದಿದೆ. ಮಗ್ಗದಲ್ಲಿ ಹರಿದಿದ್ದ ಒಂದು ಎಳೆ ಹುಡುಕಿ ಗಂಟು ಹಾಕಿದ. ಆಮೇಲೆ, "ಮದುವಿ ಎಂದೈತ್ರಿ?" ಎಂದು ಕೇಳಿದ.