ಕತ್ತು ಮುಚ್ಚುವ ರವಿಕೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂತು. ಬೀಗರು ಊಟಕ್ಕೆ ಬರುವವರಿದ್ದಾರೆ, ಕೈಯ ಆಪರೇಷನ್ ಅದಾದ ಮೇಲೆ ಇಟ್ಟುಕೋ ಅಂತ ಬರೆದಿದ್ದೀಯ. ಓದಿ ಹೇಸಿಗೆಯಾಯಿತು. ಮೆತ್ತಗೆ ಹೇಳಲು ನೋಡಿದೆ, ಬರಲಿಲ್ಲ.

ಆಗ ನಿನ್ನ ಮಗಳ ಮದುವೆ, ಈಗ ಊಟ. ಕಳ್ಳನಿಗೊಂದು ಪಿಳ್ಳೆ ನೆವ. ಡಯಾಲಿಸಿಸ್‌ಗೆಂದು ಕುತ್ತಿಗೆಯ ಎಡಕ್ಕೆ ಹಾಕಿದ ನಳಿಕೆ ಕೆಲವೇ ವಾರಕ್ಕೆ, ಅಷ್ಟರಲ್ಲಿ ಎಡಗೈಯ ನರ ಜೋಡಿಸಿ ಅಲ್ಲಿಂದಲೇ ರಕ್ತ ತೆಗೆಯೋಣ ಎಂದಿದ್ದರು ಡಾಕ್ಟರು. ಕೈ ಮೇಲೆ ಉಬ್ಬಿದ ನರ ಕಂಡ್ರೆ ಬೀಗರು ಏನಂದ್ಕೊಳ್ತಾರೆ ಕಣೇ, ಕುತ್ತಿಗೇದಾದ್ರೆ ಬಟ್ಟೆಯೊಳಗೆ ಮುಚ್ಕೋಬಹುದು ಅಂತ ನೀನು ಮುಂದೂಡಿಸಿದೆ. ಟೈಲರ್ ನಾನೇ ಅಲ್ಲವೇ, ಕಿವಿಯವರೆಗೆ ಕಾಲರಿಟ್ಟು ರವಿಕೆ ಹೊಲಿದುಕೊಂಡೆ. ಮದುವೆ ಫೋಟೋದಲ್ಲಿ ನಾನೇ ಎಲ್ಲರಿಗಿಂತ ಗಂಭೀರವಾಗಿ ಕಂಡೆನಂತೆ! ಒಳಗೆ ನಳಿಕೆಗೆ ಸುತ್ತಿದ ಪಟ್ಟಿ ಬೆವರಿಗೆ ನೆಂದು ನಾರುತ್ತಿತ್ತು. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡಾಗ ನೀನು ಹೊರಗಿನ ಚರಂಡಿಯನ್ನು ಬೈದೆ.

ವಾರಗಳು ತಿಂಗಳುಗಳಾದವು. ನಳಿಕೆ ಉಜ್ಜಿ ಉಜ್ಜಿ ಎದೆಯೊಳಗಿನ ದೊಡ್ಡ ರಕ್ತನಾಳವೇ ಕಿರಿದಾಗಿದೆ. ನನಗೆ ಮೊದಲು ಗೊತ್ತಾದದ್ದು ರವಿಕೆಯಿಂದ. ಎಡತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿದರೂ ಮತ್ತೆ ಬಿಗಿಯಾಯಿತು. ಈಗ ಆ ಕೈ ಊದಿ ಮಿರಿಮಿರಿ ಹೊಳೆಯುತ್ತದೆ, ಒತ್ತಿದರೆ ಬೆರಳಿನ ಗುರುತು ಉಳಿಯುತ್ತದೆ. ಬಗ್ಗಿದರೆ ಮುಖಕ್ಕೆಲ್ಲ ರಕ್ತ ತುಂಬುತ್ತದೆ. ಕನ್ನಡಿ ನೋಡಲೂ ಅಸಹ್ಯ. ರಕ್ತನಾಳದೊಳಗೆ ಬಲೂನು ತೂರಿಸಿ ಹಿಗ್ಗಿಸಿದರು, ಮತ್ತೆ ಕಿರಿದಾಯಿತು. ಎಡಗೈಯಲ್ಲಿ ಇನ್ನು ನರ ಜೋಡಿಸಲಾಗದಂತೆ. ಉಳಿದದ್ದು ಬಲಗೈ, ಕತ್ತರಿ ಹಿಡಿಯುವ ಕೈ. ಅದೂ ಕೈಕೊಟ್ಟರೆ ಹೊಟ್ಟೆಗೇನು ಮಾಡಲಿ? ನಿನ್ನ ಮರ್ಯಾದೆಯನ್ನು ಬೇಯಿಸಿಕೊಂಡು ತಿನ್ನಲೇ?

ನಾಳೆಯೇ ಬಲಗೈ ಆಪರೇಷನ್. ಮುಂದೂಡುವುದಿಲ್ಲ, ಮುಚ್ಚಿಡುವುದೂ ಇಲ್ಲ. ಬೀಗರ ಊಟಕ್ಕೆ ತೋಳಿಲ್ಲದ ರವಿಕೆ ತೊಟ್ಟು ಎದುರಿಗೇ ಕೂರುತ್ತೇನೆ.

ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ
ತಂಗಿ

ಹೇಳಲು ಮರೆತೆ: ಕಳೆದ ವಾರದಿಂದ ಡಯಾಲಿಸಿಸ್ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆಗೆ ಹೊಸಬರೊಬ್ಬರು ಬರುತ್ತಿದ್ದಾರೆ. ನಿನ್ನ ಬೀಗಿತ್ತಿ. ಮದುವೆಗೆ ಮುಂಚಿನಿಂದಲೂ ಕಾಯಿಲೆಯಂತೆ, ಸಂಬಂಧ ತಪ್ಪೀತೆಂದು ಮುಚ್ಚಿಟ್ಟಿದ್ದರಂತೆ. ತಮ್ಮ ಕಡೆಯವರು ನೋಡಿಯಾರೆಂದು ಇಷ್ಟು ದೂರ ಬರುತ್ತಾರೆ. ಅವರ ಕುತ್ತಿಗೆಯಲ್ಲೂ ನಳಿಕೆ, ಮೇಲೆ ಸೆರಗು ಬಿಗಿದು ಸುತ್ತಿರುತ್ತಾರೆ. ನಿಮ್ಮಕ್ಕನಿಗೆ ಹೇಳಬೇಡಿ ಎಂದು ಕೈಮುಗಿದರು. ಮದುವೆಯಲ್ಲಿ ನೀವು ತೊಟ್ಟಿದ್ದಂಥ ರವಿಕೆ ನನಗೂ ಒಂದು ಹೊಲಿದುಕೊಡಿ ಎಂದರು. ಅಳತೆ ತೆಗೆದೆ. ಎಡತೋಳು ಬಲಕ್ಕಿಂತ ದಪ್ಪವಿದೆ. ಹೊಲಿಯುವುದಿಲ್ಲ ಎಂದುಬಿಟ್ಟೆ. ತೋಳು ಊದಿದ್ದನ್ನು ಡಾಕ್ಟರಿಗೆ ಹೇಳಲು ಅವರಿಗೆ ನಾಚಿಕೆಯಂತೆ. ನೀನೇ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.