ಗೆರೆ ಮುಚ್ಚದ ಕೈ

ಮುಶಿನ್, ಲಾಗೋಸ್
ಏಪ್ರಿಲ್ ೪, ಶುಕ್ರವಾರ

ಅಮ್ಮಾ,

ಇಲ್ಲಿಂದಲೇ ಎರಡೂ ಮೊಣಕಾಲೂರಿ ನಮಸ್ಕಾರ. ಫೋನು ಮಾಡಿದರೆ ನನ್ನ ಹೆಸರು ಕಂಡೊಡನೆ ಕತ್ತರಿಸುತ್ತೀಯ, ಅದಕ್ಕೇ ಈ ಕಾಗದ. ತಂಗಿ ಅರಿನೋಲಾಳ ಕೈಗೇ ಕೊಟ್ಟು ಕಳಿಸುತ್ತಿದ್ದೇನೆ. ಮದುಮಗಳು ತಂದುಕೊಟ್ಟ ಕಾಗದವನ್ನು ಹರಿದೆಸೆಯುವಷ್ಟು ಕಲ್ಲೆದೆ ನಿನಗಿಲ್ಲ. ಹೆಡ್‌ಮಿಸ್ ಆಗಿದ್ದವಳು, ತಪ್ಪು ಕಂಡಲ್ಲಿ ಕೆಂಪು ಶಾಯಿಯಿಂದ ಗೀಚಿಕೋ, ಆದರೆ ಕೊನೆಯವರೆಗೂ ಓದು.

ನಿನ್ನ ಕಾಗದ ತಲುಪಿತು. ಅರ್ಧ ಹೊಸ ಬೀಗಿತ್ತಿಯ ವರ್ಣನೆ, ಇನ್ನರ್ಧ ನನಗೆ ಮಂಗಳಾರತಿ. ಅವರ ಕೆನ್ನೆಯ ಮೇಲೂ ನಿನ್ನ ಹಾಗೆ ಎಳವೆಯಲ್ಲೇ ಕೊಯ್ದ ಮೂರು ಮೂರು ಕುಲದ ಗೆರೆಗಳಿವೆ, ಆದರೂ ಏನು ಗತ್ತು, ಏನು ತಲೆಯೆತ್ತಿದ ನಡಿಗೆ ಎಂದು ಬೆರಗಾಗಿದ್ದೀಯ. ಆಮೇಲೆ ನನ್ನ ಸರದಿ. ಅರಿನೋಲಾಳ ಮದುವೆಗೆ ಮಗಳಾಗಿ ಬಾ, ಬಣ್ಣದ ಪೆಟ್ಟಿಗೆ ಹಿಡಿದುಕೊಂಡು ಬರಬೇಡ. ಯಾರಾದರೂ ಕೇಳಿದರೆ ಇನ್ನೂ ವಿಮಾ ಕಚೇರಿಯಲ್ಲೇ ಇದ್ದೇನೆ ಅನ್ನು. ಒಪ್ಪಿದರೆ ಹಸಿರು ಬಟ್ಟೆ ಕಳಿಸುತ್ತೇನೆ, ಇಲ್ಲವಾದರೆ ಇಲ್ಲ ಎಂದಿದ್ದೀಯ. ಮನೆಮಂದಿಯೆಲ್ಲ ಒಂದೇ ಬಣ್ಣ ಉಡುವ ದಿನ ಹಿರಿಯ ಮಗಳ ಪಾಲಿನ ಬಟ್ಟೆಯೇ ಇಲ್ಲವೆಂದರೆ ಅವಳು ಮನೆಯವಳಲ್ಲ ಎಂದೇ ಅರ್ಥ. ಅದು ಇಡೀ ಅಬೆಯೊಕುಟಾ ಊರಿಗೆ ಗೊತ್ತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಒಪ್ಪುವುದಿಲ್ಲ. ಸುಳ್ಳು ಹೇಳುವುದಿಲ್ಲ, ಪೆಟ್ಟಿಗೆಯನ್ನು ಬಿಟ್ಟೂ ಬರುವುದಿಲ್ಲ.

ಮೊಜಿ ಚಿಕ್ಕಮ್ಮ ಏನೆನ್ನುತ್ತಾಳೆಂದು ನನಗೇನು ಗೊತ್ತಿಲ್ಲವೇ? "ಡಿಗ್ರಿ ಓದ್ಸಿದ್ದು ಕಂಡೋರ ಮುಖ ತಿಕ್ಕೋಕಾ? ಸಂತೆ ಹೆಂಗಸ್ರ ಥರ ಬಸ್ಸಲ್ಲಿ ಪೆಟ್ಟಿಗೆ ಹೊತ್ಕೊಂಡು ತಿರುಗ್ತಾಳಂತೆ!" ಹೌದು, ತಿರುಗುತ್ತೇನೆ. ಶನಿವಾರ ಬೆಳಕು ಹರಿಯುವ ಮುಂಚೆ ಹಳದಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರು ಅದಕ್ಕೂ ಟಿಕೆಟ್ ಕೇಳುತ್ತಾನೆ. ನಾನೂ ಜಗಳಕ್ಕೆ ನಿಲ್ಲುತ್ತೇನೆ. ವಿಮಾ ಕಚೇರಿಯ ಗಾಜಿನ ಹಿಂದೆ ಕೂತಿದ್ದಾಗ ನನ್ನನ್ನು ಯಾರೂ ಬೈಯಲಿಲ್ಲ, ನಿಜ. ಯಾರೂ ನೋಡಲೂ ಇಲ್ಲ. ಈಗ ನಾನು ಯಾರ ಕೈಕೆಳಗೂ ಇಲ್ಲ. ಕರೆದವರ ಮನೆಗೆ ಹೋಗುತ್ತೇನೆ, ನನ್ನ ಹೆಸರು ಹೇಳಿಯೇ ಕರೆಯುತ್ತಾರೆ. ಕರೆಂಟಿಲ್ಲದ ಕೋಣೆಯಲ್ಲಿ ಮದುಮಗಳನ್ನು ಕಿಟಕಿಯ ಬಳಿ ಕೂರಿಸಿ, ಬೆವರು ಇಳಿಯುವ ಮುಂಚೆ ಕೆಲಸ ಮುಗಿಸುವ ವಿದ್ಯೆ ನನಗೆ ಗೊತ್ತು. ಅಂಗಡಿಯವರು ಕಡುಕಪ್ಪು ಎಂದು ಮಾರುವ ಬಣ್ಣ ನಮ್ಮವರ ಮುಖಕ್ಕೆ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ. ಅದಕ್ಕೇ ಮುಂಗೈ ಮೇಲೆ ನಾನೇ ಬೆರೆಸಿಕೊಳ್ಳುತ್ತೇನೆ. "ಸ್ವಲ್ಪ ಬೆಳ್ಳಗೆ ಮಾಡಮ್ಮಾ" ಎಂದು ತಾಯಂದಿರು ಕಿವಿಯಲ್ಲಿ ಉಸುರುತ್ತಾರೆ. "ಮಾಡ್ತೀನಿ ಬಿಡಿ. ನಾಳೆ ಬೆಳಗ್ಗೆ ಅಳಿಯ ಎದ್ದು, ನಿನ್ನೆ ಕಟ್ಕೊಂಡೋಳು ಎಲ್ಲಿ ಅಂತ ಹುಡುಕಿದ್ರೆ ನನ್ನ ಕೇಳ್ಬೇಡಿ" ಎನ್ನುತ್ತೇನೆ. ನಗುತ್ತಾರೆ, ಮಗಳನ್ನು ನನ್ನ ಕೈಗೆ ಬಿಟ್ಟು ಹೋಗುತ್ತಾರೆ.

ಮುಖಕ್ಕೆ ಬಣ್ಣ ಹಚ್ಚುವುದು ಸುಳ್ಳು ಹೇಳುವುದಕ್ಕೆ ಸಮ ಎಂದು ಬರೆದಿದ್ದೀಯ. ಅದಕ್ಕೆ ಉತ್ತರವಾಗಿ ಕಳೆದ ಡಿಸೆಂಬರಿನ ಒಂದು ಸಂಗತಿ ಹೇಳುತ್ತೇನೆ.

ಇಬಾದಾನಿನಲ್ಲಿ ಒಂದು ಮದುವೆ. ಮದುಮಗಳ ದೊಡ್ಡಮ್ಮ ನನ್ನನ್ನು ಕರೆಸಿದ್ದರು. ಮೂಲತಃ ಇಸೆಯಿನ್ ಊರಿನ ನೇಕಾರರ ಮನೆತನ. ಈಗ ಇಬಾದಾನಿನಲ್ಲಿ ದೊಡ್ಡ ಮನೆ, ದೊಡ್ಡ ಮಾತು. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಕೂತು ಕೆನ್ನೆ ಮುಟ್ಟಿ ತೋರಿಸಿದರು. "ಇವು ಕಾಣಬಾರ್ದು. ಫೋಟೋದಲ್ಲಿ ಒಂದೂ ಕಾಣಬಾರ್ದು. ಮೊಮ್ಮಕ್ಳು ನನ್ನ ಸ್ನೇಹಿತೆಯರ ಮುಂದೇನೇ, ಅಜ್ಜಿ ಮುಖ ಯಾರು ಪರಚಿದ್ದು ಅಂತ ಕೇಳ್ತಾವೆ." ಕೆಲಸ ಕಷ್ಟದ್ದು. ಗೆರೆಗಳಿಗೆ ಮೇಣದಂಥ ಲೇಪ ತುಂಬಿ, ಒಣಗಿಸಿ, ಮೇಲೆ ಬಣ್ಣ ಕೂರಿಸಿದೆ. ಮುಗಿದಾಗ ಕೆನ್ನೆ ಬೆಣ್ಣೆಯಾಗಿತ್ತು. ನನಗಂತೂ ಕೋಡು ಮೂಡಿತ್ತು.

ಚಪ್ಪರದೊಳಗೆ ಮಾತಾಡುವ ಡೋಲಿನವರು ಬಂದರು. ನಿನಗೆ ಗೊತ್ತಲ್ಲ, ಅವರು ಮೇಜಿನಿಂದ ಮೇಜಿಗೆ ಹೋಗುತ್ತಾ ಮುಖ ನೋಡಿಯೇ ಮನೆತನ ಗುರುತಿಸಿ ಡೋಲಿನಲ್ಲಿ ಹೊಗಳುತ್ತಾರೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೆನ್ನೆ ಕಂಡು ಅವಳ ತಾತ ಮುತ್ತಾತರನ್ನೆಲ್ಲ ಎಬ್ಬಿಸಿದರು. ಈ ಅಮ್ಮನ ಮುಂದೆ ಬಂದ ಮುದಿ ಡೋಲಿನವನು ಮುಖವನ್ನು ಎರಡು ಬಾರಿ ನೋಡಿದ. ಏನೂ ಸಿಗಲಿಲ್ಲ. "ಲಾಗೋಸಿಂದ ಬಂದ ಶ್ರೀಮಂತೆ, ಕಾರಿನ ಒಡತಿ" ಎಂದು ಯಾರಿಗಾದರೂ ಹೊಂದುವಂಥದ್ದನ್ನು ಬಾರಿಸಿ ಮುಂದೆ ಹೋದ. ಸ್ವಂತ ತಂಗಿಯ ಮಗಳ ಮದುವೆಯಲ್ಲಿ, ಸ್ವಂತ ಜನರ ನಡುವೆ, ಆಕೆ ಪರದೇಶಿಯಾದರು. ಕುಣಿಯಲೆಂದು ಅರ್ಧ ಎದ್ದವರು ಹಾಗೆಯೇ ಕೂತರು.

ಬಣ್ಣ ಸರಿಪಡಿಸಲೆಂದು ನಾನು ಹಿಂದೆಯೇ ನಿಂತಿದ್ದೆ. ನನ್ನ ಕೈ ಹಿಡಿದು ಅಡುಗೆಯ ಶಾಮಿಯಾನದ ಹಿಂದಕ್ಕೆ ಎಳೆದುಕೊಂಡು ಹೋದರು. ಅನ್ನ ಕುದಿಯುವ ಹೊಗೆಯಲ್ಲಿ ಬುಟ್ಟಿಯೊಂದನ್ನು ಮಗುಚಿ ಅದರ ಮೇಲೆ ಕೂತು, "ತೆಗೆ. ನಮ್ಮಪ್ಪನ್ನ ವಾಪಸ್ ಕೊಡು" ಎಂದರು. ಅಮ್ಮಾ, ಪೆಟ್ಟಿಗೆ ತೆರೆದೆ. ಕೆನ್ನೆ ಒರೆಸಿದೆ. ಒರೆಸಿ ಸುಮ್ಮನೆ ಬಿಡಲಿಲ್ಲ. ಸುತ್ತ ಬಣ್ಣ ಕೂರಿಸಿ, ಒಂದೊಂದು ಗೆರೆಯ ಅಂಚನ್ನೂ ಸಣ್ಣ ಕುಂಚದಿಂದ ಬಿಡಿಸಿ, ಮೇಲೆ ತುಸು ಹೊಳಪು ಕೊಟ್ಟೆ. ಯಾರೂ ನನಗೆ ಅದನ್ನು ಕಲಿಸಿರಲಿಲ್ಲ. ಆಕೆ ಗೆಲೆ ರುಮಾಲನ್ನು ತಲೆಗೆ ಬಿಗಿಯಾಗಿ ಕಟ್ಟಿಸಿಕೊಂಡು ಚಪ್ಪರದ ನಡುವೆಯೇ ನಡೆದು ಬಂದರು. ಡೋಲಿನವನ ಕೋಲು ಗಾಳಿಯಲ್ಲೇ ನಿಂತಿತು. "ಅಯ್ಯೋ, ಮಗ್ಗ ನಿಲ್ಲದ ಮನೆಯ ಮಗಳೇ, ಇಷ್ಟ್ಹೊತ್ತು ಎಲ್ಲಿ ಹೋಗಿದ್ದೆ ತಾಯಿ!" ಎಂದು ಕೂಗಿ, ಆಕೆಯ ತಂದೆಯ ಹೆಸರು, ತಂದೆಯ ತಂದೆಯ ಹೆಸರು, ಅವರು ನೇಯ್ದ ಬಟ್ಟೆ ಉಟ್ಟ ದೊರೆಗಳ ಹೆಸರು, ಎಲ್ಲವನ್ನೂ ಬಾರಿಸಿದ. ಆಕೆ ಅಳುತ್ತಲೇ ಕುಣಿದರು. ಬಣ್ಣ ಒಂದಿಷ್ಟೂ ಕದಡಲಿಲ್ಲ, ಅದು ನನ್ನ ಕೈಗೆಲಸ.

ಅವತ್ತಿನಿಂದ ನಾನು ಗೆರೆ ಮುಚ್ಚುವುದಿಲ್ಲ. ಮುಚ್ಚು ಎಂದು ಬಂದವರಿಗೆ ಬೇರೆಯವರ ಹತ್ತಿರ ಹೋಗಿ ಎನ್ನುತ್ತೇನೆ.

ಈಗ ನಿನ್ನ ವಿಷಯ. ಸಿಟ್ಟಾಗು, ಪರವಾಗಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ನಿನ್ನ ಕೆನ್ನೆ ಕಾಣುವ ಒಂದೇ ಒಂದು ಫೋಟೋ ತೋರಿಸು ನೋಡೋಣ. ಅಪ್ಪನ ಪಕ್ಕದಲ್ಲಿ ಕೆನ್ನೆಗೆ ಕೈ. ಶಾಲೆಯ ವಾರ್ಷಿಕೋತ್ಸವದಲ್ಲಿ ಪುಸ್ತಕ ಅಡ್ಡ. ನನ್ನ ಪದವಿ ಸಮಾರಂಭದಲ್ಲಿ ನನ್ನ ಟೋಪಿಯ ಹಿಂದೆ ಅಡಗಿದೆ. ತರಗತಿಯ ಹುಡುಗರು "ಬೆಕ್ಕು ಪರಚಿದ ಟೀಚರ್" ಎಂದದ್ದು ನಿನ್ನೊಳಗೆ ಎಷ್ಟು ಆಳಕ್ಕೆ ಇಳಿದಿದೆಯೆಂದು ನನಗೆ ಗೊತ್ತು. ಕಳೆದುಹೋದರೂ ಕುಲದವರು ಗುರುತು ಹಿಡಿಯಲಿ ಎಂದು ನಿನ್ನ ತಾತ ಬರೆಸಿದ ಗೆರೆಯನ್ನು ಪೌಡರಿಲ್ಲದೆಯೇ ಇಷ್ಟು ವರ್ಷ ಮುಚ್ಚಿಟ್ಟವಳು ನೀನು. ನನ್ನ ಪೆಟ್ಟಿಗೆಯನ್ನು ಸುಳ್ಳಿನ ಪೆಟ್ಟಿಗೆ ಅನ್ನಬೇಡ. ನನಗೆ ನೋವಾಗುತ್ತದೆ.

ಮದುವೆಯ ಶನಿವಾರ ನಿನ್ನ ಮುಖ ನನ್ನ ಕೈಯಲ್ಲಿರಬೇಕು. ನಿನ್ನ ಕೈ ನಿನ್ನ ಮಡಿಲಲ್ಲಿರಬೇಕು. ಡೋಲಿನವನು ನಿನ್ನ ಮುಂದೆ ನಿಲ್ಲಬೇಕು. ನನಗೆ ಬೇಕಾದದ್ದು ಇಷ್ಟೇ, ಇದಕ್ಕಿಂತ ಕಡಿಮೆಗೆ ನಾನು ಒಪ್ಪುವವಳಲ್ಲ. ಹಟದಲ್ಲಿ ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಬೈಯುವುದಾದರೆ ನೂಲನ್ನು ಬೈಯಿ.

ನಿನ್ನ ಹಿರಿಯ ಮಗಳು,
ಮುಖಕ್ಕೆ ಬಣ್ಣ ಹಚ್ಚಿ ಅನ್ನ ತಿನ್ನುವ,
ಇಬಿರೊಂಕೆ

ಮರೆತ ಮಾತು: ಇಬಾದಾನಿನ ಆ ಅಮ್ಮನ ಹೆಸರು ಹೇಳಲಿಲ್ಲ, ಅಲ್ಲವೇ? ಅವರು ನಿನ್ನ ಬೀಗಿತ್ತಿ. ನೀನು ಒಂದು ಪುಟ ಬರೆದ ಆ ಗತ್ತು ಅವತ್ತು ಅಡುಗೆ ಶಾಮಿಯಾನದ ಹಿಂದೆ ಹುಟ್ಟಿದ್ದು. ನಾನು ನಿನ್ನ ಮಗಳೆಂದು ಅರಿನೋಲಾಳಿಂದ ತಿಳಿದ ಮೇಲೆ ಗಂಡಿನ ಕಡೆಯ ಹೆಂಗಸರಿಗೆಲ್ಲ ನಾನೇ ಅಲಂಕಾರ ಮಾಡಬೇಕೆಂದು ಕರೆ ಕಳಿಸಿದ್ದಾರೆ, ಜೊತೆಗೆ ಅವರ ಕಡೆಯ ನೇರಳೆ ಬಟ್ಟೆಯನ್ನೂ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಶಾಸ್ತ್ರಕ್ಕೆಂದು ಗಂಡಿನ ಕಡೆಯವರನ್ನು ನಿನ್ನ ಬಾಗಿಲಲ್ಲಿ ತಡೆದು ಮಂಡಿಯೂರಿಸುತ್ತಾರಲ್ಲ, ಆ ಸಾಲಿನಲ್ಲಿ ನಾನೂ ಇರುತ್ತೇನೆ, ಪೆಟ್ಟಿಗೆಯ ಸಮೇತ. ಊರೆಲ್ಲ ನೋಡುತ್ತಿರುವಾಗ ನೀನೇ ಒಳಗೆ ಬಾ ಎನ್ನಬೇಕಾಗುತ್ತದೆ. ಹಸಿರು ಬಟ್ಟೆ ಕಳಿಸಿದರೆ ಮಾತ್ರ ಹಿಂದಿನ ದಿನವೇ ಹಿತ್ತಲ ಬಾಗಿಲಿನಿಂದ ಬಂದು, ಬೆಳಗ್ಗೆ ಎಲ್ಲರಿಗಿಂತ ಮೊದಲು ನಿನ್ನನ್ನು ಕಿಟಕಿಯ ಬಳಿ ಕೂರಿಸುತ್ತೇನೆ. ಎರಡರಲ್ಲಿ ಯಾವುದನ್ನು ಉಡಲಿ, ನೀನೇ ಹೇಳು.